ಕೊಟ್ರಪ್ಪನ ಮುಖ ಸ್ಪಷ್ಟವಾದದ್ದು

ಚಂದಾಪುರದ ಗೋಡೆಗಳನ್ನು ಸಂಗಮೇಶನಷ್ಟು ಹತ್ತಿರದಿಂದ ನೋಡಿದವರು, ನಾಯಿಗಳನ್ನು ಬಿಟ್ಟರೆ, ಇನ್ನು ಯಾರೂ ಇರಲಿಕ್ಕಿಲ್ಲ. ಭಾನುವಾರ ಬಿಸಿಲೇರುವ ಮೊದಲೇ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಹೊರಡುತ್ತಿದ್ದ. ತುಕ್ಕು ಹಿಡಿದ ಶಟರು, ಪೋಸ್ಟರಿನ ಮೇಲೆ ಪೋಸ್ಟರು ಅಂಟಿ ದಪ್ಪಗಾದ ಕಾಂಪೌಂಡು, ತೇಪೆ ಹಾಕಿದ ಡಾಂಬರು, ಎಲೆಅಡಿಕೆ ಉಗಿದ ಮೂಲೆ, ಇವುಗಳ ಎದುರು ನೆಟ್ಟಗೆ ನಿಂತು, ತನ್ನ ನೆರಳು ಬೀಳದ ಹಾಗೆ, ಮದುವೆ ಹೆಣ್ಣಿನ ಫೋಟೊ ತೆಗೆಯುವಷ್ಟು ಶ್ರದ್ಧೆಯಿಂದ ತೆಗೆಯುತ್ತಿದ್ದ. ರಸ್ತೆ ಅಗಲ ಮಾಡುವ ಇಲಾಖೆಯವನೆಂದು ಅಂಗಡಿಯವರು ಹೆದರಿದ್ದೂ ಉಂಟು. ಹಾರ್ಡ್‌ವೇರ್ ಅಂಗಡಿಯ ಸೊಣ್ಣಪ್ಪ ಒಂದು ದಿನ ಟೀ ತರಿಸಿಕೊಟ್ಟು, "ಸಾರ್, ನಮ್ದು ಎಷ್ಟು ಅಡಿ ಓಯ್ತದೆ, ನಿಜ ಏಳ್ಬಿಡಿ," ಎಂದ. "ಇಲ್ಲ ಅಣ್ಣ, ಇದು ಗೇಮಿಗೆ," ಎಂದ ಸಂಗಮೇಶ. ಸೊಣ್ಣಪ್ಪ ಅದನ್ನು ನಂಬದೆ ಇನ್ನೊಂದು ಟೀ ತರಿಸಿದ.

ಆದರೆ ಅದು ಗೇಮಿಗೇ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಕಂಪ್ಯೂಟರಿನಲ್ಲಿ ಹಿಡಿದ ಹುಚ್ಚು. 'ಸಿಟಿ ಬಜಾರ್' ಅಂತ ಹೆಸರು. ಯಾವುದೋ ಬಂದರು ಪಟ್ಟಣ, ಅಲ್ಲೊಬ್ಬ ಪೊಲೀಸ್ ಹೀರೋ, ಅವನು ಹುಡುಕುವ ಒಬ್ಬ ದೊಡ್ಡ ಕಳ್ಳಸಾಗಣೆದಾರ. ಆಟ ಮಾಡಿದ ವಿದೇಶಿ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಆ ಕಾಲದ ಕಂಪ್ಯೂಟರಿಗೆ ತಕ್ಕ ಹಾಗೆ ಅದರೊಳಗಿನ ಗೋಡೆಗಳು ಕಲಸಿದ ರಾಗಿ ಹಿಟ್ಟಿನಂತೆ ಇದ್ದವು. ಮನುಷ್ಯರ ಮುಖವೆಂದರೆ ಕಂದು ಮಚ್ಚೆ, ಅದರಲ್ಲಿ ಎರಡು ಕಪ್ಪು ಮಚ್ಚೆ. ಅಷ್ಟಾದರೂ ಆಟವನ್ನು ಬಿಡಲಾರದ ಒಂದಷ್ಟು ಮಂದಿ ಜಗತ್ತಿನಲ್ಲಿ ಅಲ್ಲಲ್ಲಿ ಉಳಿದಿದ್ದರು. ಅವರೆಲ್ಲ ಒಂದು ವೆಬ್‌ಸೈಟಿನಲ್ಲಿ ಸೇರಿ ಹಳೆಯ ಆಟಕ್ಕೆ ಹೊಸ ಬಟ್ಟೆ ಹೊಲಿಯುತ್ತಿದ್ದರು. ಒಬ್ಬ ಮೋಡ ಮಾಡಿಕೊಟ್ಟ, ಇನ್ನೊಬ್ಬ ನೀರು ಮಾಡಿಕೊಟ್ಟ. ಇಂಥ ಹೊಲಿಗೆಗೆ 'ಮಾಡ್' ಎನ್ನುತ್ತಾರೆ. ಆಟದೊಳಗೆ ಗೋಡೆಯ ಆಕಾರಕ್ಕೆ ಅಂಟಿಸಿರುವ ಮಸುಕು ಚಿತ್ರವನ್ನು ಕಿತ್ತು, ಅದೇ ಹೆಸರಿನಲ್ಲಿ ನಿಮ್ಮ ಸ್ಪಷ್ಟವಾದ ಚಿತ್ರ ಇಟ್ಟರೆ, ಆಟ ಅದನ್ನೇ ನಂಬಿ ಗೋಡೆಗೆ ಹಚ್ಚಿಕೊಳ್ಳುತ್ತದೆ. ಹಳೆಯ ಆಟಗಳಿಗೆ ಅನುಮಾನ ಕಡಿಮೆ.

ಸಂಗಮೇಶ ಗೋಡೆಯವನಾದ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅವನ ಸಂಬಳದ ಕೆಲಸ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಹುಡುಕಿದ ತಪ್ಪಿಗೆ ಅಲ್ಲಿ ಯಾರೂ ಶಹಬ್ಬಾಸ್ ಅನ್ನುವುದಿಲ್ಲ, ಹುಡುಕದಿದ್ದ ತಪ್ಪಿಗೆ ಮಾತ್ರ ಮೀಟಿಂಗ್ ಇರುತ್ತದೆ. ಹೀಗಿರುವಾಗ ಪೋಲೆಂಡಿನ ಯಾರೋ ಒಬ್ಬ 'ನಿನ್ನ ಗೋಡೆ ನೋಡಿದರೆ ವಾಸನೆ ಬರುತ್ತದೆ' ಎಂದು ಬರೆದದ್ದನ್ನು ಅವನು ಹೆಂಡತಿಗೆ ಓದಿ ಹೇಳಿದ.

"ವಾಸನೆ ನಿಜವಾಗ್ಲೂ ಬರುತ್ತೆ," ಎಂದಳು ನಿವೇದಿತಾ. ಅವಳು ಆನೇಕಲ್ಲಿನ ಬ್ಯಾಂಕೊಂದರಲ್ಲಿ ಇದ್ದಳು. ಹೊಗಳಿಕೆಯನ್ನು ಅಡವು ಇಲ್ಲದೆ ಕೊಡುತ್ತಿರಲಿಲ್ಲ. "ಮೀನಂಗಡಿ ಹಿಂದಿನ ಗೋಡೆ ತಾನೆ ಅದು? ಹೋಗಿ ಸ್ನಾನ ಮಾಡು."

ಗೋಡೆಗಳು ಮುಗಿದ ಮೇಲೆ ಮುಖಗಳಿಗೆ ಕೈ ಹಾಕಿದ. ಆಟದ ಬಜಾರಿನಲ್ಲಿ ಗಾಡಿ ಇಟ್ಟುಕೊಂಡು ತಿಂಡಿ ಮಾರುವ ಒಬ್ಬ ಮನುಷ್ಯನಿದ್ದ, ಅವನಿಗೂ ಎಲ್ಲರಂತೆ ಮಚ್ಚೆಯ ಮುಖ. ಸಂಗಮೇಶನಿಗೆ ಕೊಟ್ರಪ್ಪನ ನೆನಪಾಗಲು ಬಾಲ್ಕನಿಗೆ ಬಂದರೆ ಸಾಕಾಗಿತ್ತು.

ಕೊಟ್ರಪ್ಪನ ಗಾಡಿ ಅಪಾರ್ಟ್‌ಮೆಂಟಿನ ಎದುರು, ಕಂಪನಿ ಬಸ್ಸುಗಳು ನಿಲ್ಲುವ ಕಡೆ. ಊರು ಕೊಟ್ಟೂರಿನ ಹತ್ತಿರ. ಮೊದಲು ಕಟ್ಟಡದ ಕೆಲಸಕ್ಕೆ ಬಂದವನು, ಕಟ್ಟಿದ ಕಟ್ಟಡದ ಮುಂದೆಯೇ ಗಾಡಿ ಇಟ್ಟ. ಹೆಂಡತಿ ಬಸಕ್ಕ ಎಣ್ಣೆಯ ಮುಂದೆ, ಕೊಟ್ರಪ್ಪ ಗಿರಾಕಿಯ ಮುಂದೆ. ಮಂಡಕ್ಕಿ ವಗ್ಗರಣಿ, ಜತೆಗೆ ಮಿರ್ಚಿ. ದಾವಣಗೆರೆಯ ನಾಲಿಗೆಗೆ ಅದು ಬರೀ ತಿಂಡಿಯಲ್ಲ. ಸಂಜೆ ಆಫೀಸಿನಿಂದ ಬಂದ ಸಂಗಮೇಶ ಮನೆಗೆ ಹೋಗುವ ಮೊದಲು ಅಲ್ಲಿಗೆ ಹೋಗುತ್ತಿದ್ದ. "ನಮ್ಮ ಕಡೆ ಸಾಹೇಬ್ರು," ಎಂದು ಕೊಟ್ರಪ್ಪ ಅವನ ತಟ್ಟೆಗೆ ಕೊಬ್ಬರಿ ಹೆಚ್ಚು ಉದುರಿಸುತ್ತಿದ್ದ.

ಕೊಟ್ರಪ್ಪನದು ಅಗಲವಾದ ಮುಖ, ನೀಟಾಗಿ ತಿದ್ದಿದ ಮೀಸೆ, ಹಣೆಯ ಮೇಲೆ ಮೂರು ಗೆರೆ ವಿಭೂತಿ. ಒಲೆಯ ಬಿಸಿಗೆ ಬೆವರಿದರೂ ಆ ಗೆರೆ ಅಲ್ಲಾಡುತ್ತಿರಲಿಲ್ಲ. ಸಂಗಮೇಶ ಕ್ಯಾಮೆರಾ ತಂದು, "ಕೊಟ್ರಪ್ಪ, ನಿಮ್ಮನ್ನ ಒಂದು ಕಂಪ್ಯೂಟರ್ ಆಟಕ್ಕೆ ಹಾಕ್ತೀನಿ, ಆದ್ಮೇಲೆ ತೋರಿಸ್ತೀನಿ," ಎಂದಾಗ ಅವನು ಒಂದು ನಿಮಿಷ ಎಂದು ಹೇಳಿ ಮುಖ ತೊಳೆದುಕೊಂಡು, ಹೊಸದಾಗಿ ವಿಭೂತಿ ಧರಿಸಿ ಬಂದ. ಎದುರಿಂದ ಒಂದು, ಎಡಕ್ಕೆ ತಿರುಗಿಸಿ ಒಂದು, ಬಲಕ್ಕೆ ಒಂದು.

"ಠಾಣೇದಾಗ ತಗದಂಗ ತಗೀತೀರಲ್ರಿ ಸಾರ್," ಎಂದು ಕೊಟ್ರಪ್ಪ ನಕ್ಕ.

"ಮಾತಾಡ್ಬೇಡಿ, ಅಲ್ಲಾಡುತ್ತೆ."

"ಆಟದಾಗ ನಾನೇನ್ ಮಾಡ್ತೀನ್ರಿ?"

"ಬಜ್ಜಿ ಮಾರ್ತೀರಿ."

"ಅಲ್ಲಿಗೂ ಬಿಡ್ಲಿಲ್ಲ ನೋಡಿದೇನ," ಎಂದು ಕೊಟ್ರಪ್ಪ ಬಸಕ್ಕನಿಗೆ ಹೇಳಿದ. ಅವಳು ಎಣ್ಣೆಯಿಂದ ಕಣ್ಣೆತ್ತದೆ, "ಅಲ್ಲೂ ಉದ್ರಿ ಕೊಡಬ್ಯಾಡ," ಎಂದಳು.

ವಿಭೂತಿಗೆಂದೇ ಸಂಗಮೇಶ ಬಿಡುವಿನ ದಿನಗಳನ್ನೆಲ್ಲ ಕೊಟ್ಟ. ಒಣಗಿದ ಬೂದಿ ಚರ್ಮದ ಸುಕ್ಕಿನಲ್ಲಿ ಎಲ್ಲಿ ಬಿರುಕು ಬಿಡುತ್ತದೆ, ಬೆಳಕು ಬಿದ್ದಾಗ ಎಷ್ಟು ಹೊಳೆಯುತ್ತದೆ, ಎಷ್ಟು ಹೊಳೆಯಬಾರದು, ಎಲ್ಲವನ್ನೂ ತಿದ್ದಿ ತಿದ್ದಿ ಕೂರಿಸಿದ. ಹಿಂದಿನಿಂದ ನೋಡುತ್ತಿದ್ದ ನಿವೇದಿತಾ, "ನಿನ್ನ ಹಣೇ ವಿಭೂತಿ ಬೆಳಿಗ್ಗೆ ಆಫೀಸಿಗೆ ಹೋಗೋವಾಗ ಕಾರಲ್ಲೇ ಟಿಶ್ಯೂಗೆ ಹೋಗುತ್ತೆ. ಅವರ ಹಣೇದಕ್ಕೆ ಇಷ್ಟು ಆರೈಕೆ," ಎಂದಳು. ಅದು ನಿಜವಾಗಿದ್ದರಿಂದ ಸಂಗಮೇಶ ಕೇಳಿಸದವನಂತೆ ಕೂತ.

'ಚಂದಾಪುರ ಪ್ಯಾಕ್' ಎಂದು ಹೆಸರಿಟ್ಟು ವೆಬ್‌ಸೈಟಿಗೆ ಏರಿಸಿದ. ಮೊದಲ ವಾರ ಎಲ್ಲರೂ ಗೋಡೆಗಳ ಬಗ್ಗೆ ಬರೆದರು. ಆಮೇಲೆ ಯಾರೋ ಒಂದು ತುಣುಕು ವಿಡಿಯೊ ಹಾಕಿದರು, ಎಲ್ಲರೂ ಗೋಡೆ ಮರೆತರು.

ಆಟದ ನಡುವೆ ಎಲ್ಲೋ ಒಂದು ಲಾಕಪ್ಪಿನ ದೃಶ್ಯ ಬರುತ್ತದೆ. ಕುರ್ಚಿಗೆ ಕಟ್ಟಿದ ಒಬ್ಬ ಮನುಷ್ಯ. ಆಡುವವನು ಒಂದು ಕೀ ಒತ್ತಿದಷ್ಟು ಸಲ ಪೊಲೀಸ್ ಹೀರೋ ಅವನ ಕೆನ್ನೆಗೆ ಬಾರಿಸುತ್ತಾನೆ. ಬಾರಿಸಿದಷ್ಟು ಸಲ ಅವನು ಇಂಗ್ಲಿಷಿನಲ್ಲಿ, ಮೂಗಿನ ದನಿಯಲ್ಲಿ, "ನೋ ಸರ್, ಪ್ಲೀಸ್ ಸರ್," ಎನ್ನುತ್ತಾನೆ. ಪರದೆಯ ಮೂಲೆಯಲ್ಲಿ ಒಂದು ಕೆಂಪು ಪಟ್ಟಿ ತುಂಬುತ್ತದೆ. ತುಂಬಿದ ಕೂಡಲೇ ಅವನು ಬಾಯಿ ಬಿಡುತ್ತಾನೆ, ಆಡುವವರು ಅದನ್ನು ಕೇಳದೆ ಎಸ್ಕೇಪ್ ಕೀ ಒತ್ತಿ ಮುಂದಕ್ಕೆ ಹೋಗುತ್ತಾರೆ. ಹಾಸ್ಟೆಲಿನ ಕಾಲದಿಂದ ಅದಕ್ಕೆ ಕಳ್ಳನ ಸೀನು ಎಂದೇ ಹೆಸರು. ಈಗ ಆ ಕುರ್ಚಿಯ ಮೇಲೆ ಕೊಟ್ರಪ್ಪ ಕೂತಿದ್ದ. ಏಟು ಬಿದ್ದ ಹಾಗೆ ತುಟಿಯಿಂದ ರಕ್ತ ಇಳಿಯುತ್ತಿತ್ತು. ಮೀಸೆ ಒದ್ದೆಯಾಗುತ್ತಿತ್ತು. ಮೂರು ಗೆರೆ ಮಾತ್ರ ಅಲ್ಲಾಡದೆ, ಬೆಳಕಿಗೆ ಎಷ್ಟು ಹೊಳೆಯಬೇಕೋ ಅಷ್ಟೇ ಹೊಳೆಯುತ್ತಿತ್ತು.

ಆಫೀಸಿನ ಕ್ಯಾಂಟೀನಿನಲ್ಲಿ ಮೊಸರನ್ನ ತಿನ್ನುತ್ತ ಸಂಗಮೇಶ ಅದನ್ನು ಮೊದಲ ಸಲ ನೋಡಿದ. ಮೊದಲ ಸಲ ನೋಡಿದಾಗ, ಮುಚ್ಚಿಡುವುದೇಕೆ, ಅವನಿಗೆ ನಗು ಬಂತು.

ಆಮೇಲೆ ಕಾರಣ ಹುಡುಕಿದ. ಕಾರಣ ಹುಡುಕುವುದು ಅವನ ವೃತ್ತಿ. ಹಳೆಯ ಆಟದವರು ಜಾಗ ಉಳಿಸಲು ಒಂದೇ ಮುಖವನ್ನು ಇಬ್ಬರು ಮೂವರಿಗೆ ಹಚ್ಚುತ್ತಿದ್ದರು. ತಿಂಡಿಯವನಿಗೂ ಕಳ್ಳನಿಗೂ ಒಂದೇ ಮುಖ ಕೊಟ್ಟಿದ್ದಾರೆ. ಮಚ್ಚೆಯಾಗಿದ್ದಾಗ ಯಾರಿಗೂ ಗೊತ್ತಾಗಿರಲಿಲ್ಲ, ಈಗ ಗೊತ್ತಾಗುತ್ತಿದೆ. ಇಬ್ಬರನ್ನೂ ಬೇರೆ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಆಫೀಸಿನಲ್ಲಿ ಸಿಕ್ಕಿದ ತಪ್ಪಿಗೆಲ್ಲ ಒಂದು ದರ್ಜೆ ಕೊಡಬೇಕು: ತಕ್ಷಣದ್ದು, ಮಧ್ಯಮ, ನಿಧಾನಕ್ಕಾದರೂ ನಡೆದೀತು. ಸಂಗಮೇಶ ಮನಸ್ಸಿನಲ್ಲೇ ಇದನ್ನು ಮೂರನೆಯದಕ್ಕೆ ಹಾಕಿದ.

ಹಾಗೆ ಹಾಕಿದ್ದಕ್ಕೆ ಬೇರೆ ಕಾರಣವೂ ಇತ್ತು. ಪ್ಯಾಕನ್ನು ಡೌನ್‌ಲೋಡ್ ಮಾಡಿ ಇಳಿಸಿಕೊಳ್ಳುವವರ ಸಂಖ್ಯೆ ಗಂಟೆಗಂಟೆಗೂ ಏರುತ್ತಿತ್ತು. ಇಷ್ಟು ವರ್ಷ ಗೋಡೆ ತಿದ್ದಿದವನಿಗೆ ಒಂದು ಮುಖ ತಂದುಕೊಟ್ಟ ಹೆಸರು. 'ಆ ಹಣೆಯ ಕೆಲಸ ನೋಡಿ,' ಎಂದು ಬ್ರೆಜಿಲಿನವನೊಬ್ಬ. 'ಎಷ್ಟು ಹೊಡೆದರೂ ಅಳಿಯುವುದಿಲ್ಲ, ಅದ್ಭುತ,' ಎಂದು ಇನ್ನೊಬ್ಬ. ಸಂಗಮೇಶ ಪ್ರತಿಯೊಬ್ಬರಿಗೂ ವಂದನೆ ಬರೆದ. ಮುಂದಿನ ಆವೃತ್ತಿಯಲ್ಲಿ ಸರಿಮಾಡಿದರಾಯಿತು ಎಂದುಕೊಂಡ. ಮುಂದಿನ ಆವೃತ್ತಿಗೆ ದಿನ ಗೊತ್ತು ಮಾಡಲಿಲ್ಲ.

ಪ್ಯಾಕಿಗೆ ಊರಿನ ಹೆಸರಿಟ್ಟದ್ದು ಸಂಗಮೇಶನೇ, ಆದ್ದರಿಂದ ಅದು ಊರಿಗೆ ಬಂತು. ಹಿಂದಿನ ಬೀದಿಯ ಪಿಜಿಗಳ ಹುಡುಗರು ಒಂದು ಸಂಜೆ ಗಾಡಿಯ ಸುತ್ತ ನಿಂತು, ಒಬ್ಬರನ್ನೊಬ್ಬರು ತಿವಿಯುತ್ತಿದ್ದರು.

"ಅಣ್ಣಾ, ಒಂದು ಪ್ಲೇಟ್ ಮಿರ್ಚಿ. ನೋ ಸರ್, ಪ್ಲೀಸ್ ಸರ್."

"ಮಗಾ, ಇವರೇ ಕಣೋ. ಹಣೆ ನೋಡು."

"ಹೊಡೀಬೇಡ ಮಚ್ಚಾ, ಬಾಯಿ ಬಿಡ್ತಾರೆ."

ಕೊಟ್ರಪ್ಪನಿಗೆ ಒಂದೂ ತಿಳಿಯಲಿಲ್ಲ. ಈ ಹುಡುಗರು ಎಂದೂ ಇಲ್ಲದ ಮರ್ಯಾದೆಯಿಂದ ಸರ್ ಅನ್ನುತ್ತಿದ್ದಾರೆ, ಪ್ಲೀಸ್ ಅನ್ನುತ್ತಿದ್ದಾರೆ, ಮೇಲಾಗಿ ನಗುತ್ತಿದ್ದಾರೆ. ನಗುವವರು ಜಾಸ್ತಿ ತಿನ್ನುತ್ತಾರೆ. ಎರಡು ದಿನ ಕೇಳಿ ಮೂರನೆಯ ದಿನಕ್ಕೆ ಅವನೂ ಕಲಿತ. ಕಂಪನಿ ಬಸ್ಸು ಬಂದು ನಿಂತಾಗ ಸೌಟಿನಿಂದ ಬಾಣಲೆ ತಟ್ಟುತ್ತ, ಅದೇ ಮೂಗಿನ ದನಿಯಲ್ಲಿ, "ಪ್ಲೀಸ್ ಸರ್, ಬಿಸಿ ಮಿರ್ಚಿ ಸರ್, ಪ್ಲೀಸ್ ಸರ್," ಎಂದು ಕೂಗತೊಡಗಿದ. ಹುಡುಗರು ನೆಲಕ್ಕೆ ಬಿದ್ದು ನಕ್ಕರು. ವ್ಯಾಪಾರ ಚೆನ್ನಾಗಿ ಆಯಿತು.

ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಸಂಗಮೇಶ ಅದನ್ನು ಕೇಳಿಸಿಕೊಂಡ. ಬಾಯಲ್ಲಿದ್ದ ಮೆಣಸಿನಕಾಯಿ ಅಲ್ಲೇ ಉಳಿಯಿತು. ಕೊಟ್ರಪ್ಪ ಅವನ ಕಡೆ ತಿರುಗಿ, "ಹುಡುಗ್ರಿಗೆ ಭಾಳ ಖುಷಿ ಸಾರ್, ಯಾಕೋ ಏನೋ," ಎಂದು ಕಣ್ಣು ಮಿಟುಕಿಸಿದ. ಆಗ ಹೇಳಬಹುದಿತ್ತು. "ಖಾರ ಜಾಸ್ತಿ ಇದೆ," ಎಂದು ನೀರು ಕುಡಿದು ಸಂಗಮೇಶ ಮನೆಗೆ ಹೋದ. ಮಾರನೆಯ ದಿನದಿಂದ ಅಪಾರ್ಟ್‌ಮೆಂಟಿನ ಹಿಂದಿನ ಗೇಟಿನಿಂದ ಬರತೊಡಗಿದ.

"ಮಿರ್ಚಿ ತರೋದು ಬಿಟ್ಟೆ," ಎಂದಳು ನಿವೇದಿತಾ.

"ಕೊಲೆಸ್ಟರಾಲ್."

"ಹಿಂದಿನ ಗೇಟಿಂದ ಬಂದ್ರೆ ಇಳಿಯುತ್ತಾ ಅದು?"

ಅವಳು ಅಷ್ಟಕ್ಕೇ ಬಿಡುವವಳಲ್ಲ. ರಾತ್ರಿ ಊಟಕ್ಕೆ ಮೊದಲು ಎಲ್ಲವೂ ಹೊರಬಂತು. ನಿವೇದಿತಾ ವಿಡಿಯೊ ನೋಡಿದಳು. ಮತ್ತೆ ನೋಡಲಿಲ್ಲ. "ಇವತ್ತೇ ತೆಗಿ," ಎಂದಳು. ಸಂಗಮೇಶ ಹ್ಞೂಂ ಎಂದ. ತೆಗೆಯುವುದಕ್ಕೆಂದೇ ಕಂಪ್ಯೂಟರ್ ತೆರೆದ. ಸಂಖ್ಯೆ ಇನ್ನೊಂದು ಸಾವಿರ ದಾಟಿತ್ತು. ಈ ವಾರ ಕಳೆಯಲಿ ಎಂದುಕೊಂಡ.

ಆ ವಾರ ಕಳೆಯುವ ಮೊದಲೇ ಭಾನುವಾರ ಬೆಳಿಗ್ಗೆ ಕರೆಗಂಟೆ ಹೊಡೆಯಿತು. ಬಾಗಿಲಲ್ಲಿ ಕೊಟ್ರಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿಂದೆ ಬಸಕ್ಕ, ಇಳಕಲ್ ಸೀರೆ, ಸೆರಗು ತಲೆಯ ಮೇಲೆ. ಇಬ್ಬರೂ ಸೋಫಾದ ತುದಿಯಲ್ಲಿ, ಇನ್ನೊಬ್ಬರು ಬಂದರೆ ಏಳಬೇಕೆನ್ನುವ ಹಾಗೆ ಕೂತರು.

"ನಮ್ಮ ಆಟ ತೋರಸ್ತೀನಿ ಅಂದಿದ್ರಿ ಸಾರ್," ಎಂದ ಕೊಟ್ರಪ್ಪ. "ನೀವೂ ಕಾಣ್ಲಿಲ್ಲ. ನಾವೇ ಬಂದ್ವಿ."

ಸಂಗಮೇಶ ಟಿವಿಗೆ ಕಂಪ್ಯೂಟರ್ ಜೋಡಿಸಿ ಬಜಾರನ್ನು ತೆರೆದ. ಬಿಸಿಲು, ಜನ, ಸೊಣ್ಣಪ್ಪನ ಅಂಗಡಿಯ ಶಟರು, ಮೀನಂಗಡಿಯ ಗೋಡೆ. ಗಾಡಿಯ ಹಿಂದೆ ಕೊಟ್ರಪ್ಪ ನಿಂತು ಸೌಟು ಆಡಿಸುತ್ತಿದ್ದ. ಕುರ್ಚಿಯ ಕೊಟ್ರಪ್ಪನ ಬಗ್ಗೆ ಮಾತೇ ಬರದ ಹಾಗೆ ಸಂಗಮೇಶ ಅಂಗಡಿಯಿಂದ ಅಂಗಡಿಗೆ ಓಡಾಡಿಸುತ್ತ ವಿವರಿಸಿದ್ದೇ ವಿವರಿಸಿದ್ದು. ಅಷ್ಟು ಮಾತನ್ನು ಅವನು ವರ್ಷದ ಅಪ್ರೈಸಲ್ಲಿನಲ್ಲೂ ಆಡಿರಲಿಲ್ಲ.

"ಎಲಾ," ಎಂದ ಕೊಟ್ರಪ್ಪ. ಎದ್ದು ಟಿವಿಯ ಹತ್ತಿರ ಹೋಗಿ ತನ್ನನ್ನು ತಾನು ನೋಡಿದ. "ಬರೋಬ್ಬರಿ ನಾನೇ. ಆದ್ರ ಮಂದಿ ಹಂಗ ಹೊಂಟಾರ, ಯಾರೂ ತಿನ್ನವಲ್ರು. ದಂಧೆ ಡಲ್ ಐತಿ ಇಲ್ಲಿ."

"ಚಂದ ಐತಿ," ಎಂದಳು ಬಸಕ್ಕ. ಸೆರಗು ಸರಿಮಾಡಿಕೊಂಡಳು. "ಇನ್ನೊಂದು ತೋರಸ್ರಿ ಸಾರ್. ಠಾಣೇದು."

"ಯಾವುದು?" ಎಂದ ಸಂಗಮೇಶ.

ಯಾವುದು ಎಂದು ಕೇಳಿದವನ ಮುಖವನ್ನು ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಕೊಟ್ರಪ್ಪ ಮತ್ತೆ ಸೋಫಾದ ತುದಿಗೆ ಬಂದು ಕೂತ. "ಹುಡುಗ್ರು ಈಕಿಗೆ ಫೋನಿನಾಗ ತೋರಸ್ಯಾರ್ರಿ. ಈಕಿ ನನಗ ಹೇಳೇ ಇಲ್ಲ. ನಿನ್ನಿ ಊರಿಂದ ಸಿದ್ರಾಮ ಫೋನ್ ಮಾಡಿದ್ದ, ಈಕಿ ತಮ್ಮ. ಮಾವಾ, ಬಿಟ್ರೇನ್ ನಿನ್ನ ಅಂದ. ಯಾರೋ, ಯಾಕೋ ಅಂದೆ. ಪೊಲೀಸ್ರು ಅಂದ. ಊರಾಗೆಲ್ಲಾ ಐತಂತ ವಿಡಿಯೊ. ಬೆಂಗಳೂರಾಗ ಕೊಟ್ರಪ್ಪ ಕಳವು ಮಾಡಿ ಸಿಕ್ಕಾನ, ಹಿಂಗ ಹೊಡಿಯಾಕ ಹತ್ಯಾರ ಅಂತ."

"ಅದು ಗೇಮ್ ಅಂತ ನೋಡಿದ್ರೆ ಗೊತ್ತಾಗುತ್ತಲ್ಲ," ಎಂದ ಸಂಗಮೇಶ. ಹೇಳುತ್ತಿದ್ದ ಹಾಗೆ ಅದರ ಉತ್ತರವೂ ಹೊಳೆಯಿತು. ಕೈಯಿಂದ ಕೈಗೆ ದಾಟಿ ದಾಟಿ ಆ ವಿಡಿಯೊ ಮತ್ತೆ ಮಸುಕಾಗಿರಬೇಕು. ಇಷ್ಟು ಸ್ಪಷ್ಟವಾದದ್ದನ್ನು ಆಟವೆಂದು ನಗುತ್ತಾರೆ. ಮಸುಕಾದದ್ದನ್ನು ಯಾರೋ ಕದ್ದು ತೆಗೆದದ್ದೆಂದು ನಂಬುತ್ತಾರೆ.

"ಈಕಿನ್ನ ಕೇಳಿ ನಾ ಹೇಳಿದೆ, ಆಟ ಅದು ಅಂತ. ನಂಬವಲ್ಲ. ಸರಿ, ಆಟ ಅಂತ ಇಟ್ಕೋ, ಆಟದಾಗ ಏನ್ ಕದ್ದಿ ಅಂತಾನ ಅಂವ. ನನಗೇನ್ ಗೊತ್ರಿ? ಅದಕ್ಕ ಬಂದ್ವಿ. ಏನ್ ಕದ್ದೆ ಸಾರ್ ನಾನು?"

ಸಂಗಮೇಶನಿಗೆ ಗೊತ್ತಿರಲಿಲ್ಲ. ಆ ಆಟವನ್ನು ಎಷ್ಟು ಸಲ ಮುಗಿಸಿದ್ದನೋ. ಹಡಗುಕಟ್ಟೆಯ ಮೂಲೆಯಲ್ಲಿ ಎಷ್ಟು ಡ್ರಮ್ಮುಗಳಿವೆ ಎಂದು ನಿದ್ದೆಯಲ್ಲೂ ಹೇಳಬಲ್ಲ. ಕುರ್ಚಿಯ ಮೇಲಿನವನು ಏನು ಕದ್ದನೆಂದು ಅವನೂ ಕೇಳಿರಲಿಲ್ಲ, ಹಾಸ್ಟೆಲಿನಲ್ಲಿ ಯಾರೂ ಕೇಳಿರಲಿಲ್ಲ, ಪೋಲೆಂಡಿನವನೂ ಕೇಳಿರಲಿಲ್ಲ.

"ಅದು... ಕೊನೇಲಿ ಹೇಳ್ತಾನೆ ಅನ್ಸುತ್ತೆ."

"ಹಂಗಾರ ಕೇಳೋಣ."

"ಅಲ್ಲೀವರೆಗೆ ಹೊಡೀಬೇಕಾಗುತ್ತೆ ಕೊಟ್ರಪ್ಪ."

"ಹೊಡೀರಿ."

ಸಂಗಮೇಶ ನಿವೇದಿತಾಳ ಕಡೆ ನೋಡಿದ. ಅವಳು ಬಂದು ಬಸಕ್ಕನ ಪಕ್ಕ ಕೂತಳು, ಬೇಡ ಎನ್ನಲಿಲ್ಲ. ಅವನು ಲಾಕಪ್ಪನ್ನು ತೆರೆದ. ಶಬ್ದವನ್ನು ಸೊನ್ನೆಗಿಳಿಸಿ ಕೀ ಒತ್ತಿದ. ಪರದೆಯ ಮೇಲೆ ಕೊಟ್ರಪ್ಪನ ತಲೆ ಪಕ್ಕಕ್ಕೆ ಹೊರಳಿತು.

"ಸೌಂಡ್ ಕೊಡ್ರಿ ಸಾರ್," ಎಂದಳು ಬಸಕ್ಕ. "ಏನಂತಾರ ಕೇಳ್ಬೇಕು."

ಶಬ್ದ ಕೊಟ್ಟ. ನೋ ಸರ್, ಪ್ಲೀಸ್ ಸರ್. ಸೋಫಾದ ಮೇಲಿನ ಕೊಟ್ರಪ್ಪ ಆ ದನಿಯನ್ನು ಗುರುತು ಹಿಡಿದ. ಹುಡುಗರ ದನಿ. ಗಾಡಿಯ ಮುಂದೆ ಬಸ್ಸಿಗೆ ಬಸ್ಸಿಗೆ ತಾನು ಕೂಗಿದ ದನಿ. ಮೊಣಕಾಲ ಮೇಲಿದ್ದ ಕೈಯನ್ನು ಮಡಿಲಿಗೆ ತೆಗೆದುಕೊಂಡ, ಅಷ್ಟೆ. ಆ ಕೈ ಚಲಿಸಿದ್ದನ್ನು ಮಾತ್ರ ಸಂಗಮೇಶ ನೋಡಿದ. ಮುಖ ನೋಡುವ ಧೈರ್ಯವಾಗಲಿಲ್ಲ. ಎರಡು ಮುಖಗಳಲ್ಲಿ ಯಾವುದನ್ನೂ.

ಅವನು ಮೆಲ್ಲಗೆ ಒತ್ತುತ್ತಿದ್ದ, ಮೆಲ್ಲಗೆ ಒತ್ತಿದರೆ ಏಟು ಮೆಲ್ಲಗೆ ಬೀಳುತ್ತದೆಯೋ ಎಂಬಂತೆ. ಹಾಗೆ ನಿಧಾನ ಮಾಡಿದರೆ ತುಂಬಿದ ಪಟ್ಟಿ ಮತ್ತೆ ಇಳಿಯುತ್ತದೆ. ಅದು ಆಟದ ನಿಯಮ. ಬೇಗ ಬೇಗ ಬಾರಿಸಬೇಕು.

"ಇಳಿಯಾಕ ಹತ್ತೇತ್ರಿ ಅದು," ಎಂದ ಕೊಟ್ರಪ್ಪ, ಕೆಂಪು ಪಟ್ಟಿಯನ್ನು ತೋರಿಸಿ. "ಜಲ್ದಿ ಹೊಡೀರಿ."

ಜಲ್ದಿ ಹೊಡೆದ. ರಕ್ತ ಇಳಿಯಿತು, ಮೀಸೆ ಒದ್ದೆಯಾಯಿತು. ಬಸಕ್ಕ ಒಂದು ಸಲ ಸೆರಗಿನ ಅಂಚನ್ನು ಬಾಯಿಗೆ ತಂದುಕೊಂಡಳು, ಮತ್ತೆ ಬಿಟ್ಟಳು. ಪಟ್ಟಿ ತುಂಬಿತು. ರೂಢಿಯಂತೆ ಸಂಗಮೇಶನ ಬೆರಳು ಎಸ್ಕೇಪಿನ ಕಡೆ ಹೋಯಿತು; ನಿವೇದಿತಾ ಅವನ ಮಣಿಕಟ್ಟು ಹಿಡಿದಳು.

ಕುರ್ಚಿಯವನು ತಲೆ ಎತ್ತಿದ. ಕೆಳಗೆ ಇಂಗ್ಲಿಷ್ ಅಕ್ಷರಗಳು ಮೂಡಿದವು. ನಿವೇದಿತಾ ಬ್ಯಾಂಕಿನಲ್ಲಿ ಅರ್ಜಿ ಓದಿ ಹೇಳುವ ಹಾಗೆ ಒಂದೊಂದೇ ಸಾಲನ್ನು ಕನ್ನಡಕ್ಕೆ ತಂದಳು.

"'ನಾನು ಏನೂ ಕದ್ದಿಲ್ಲ ಸಾರ್. ನಾನು ಬಜಾರಲ್ಲಿ ತಿಂಡಿ ಮಾರೋನು. ಆ ಬಿಳೀ ಕಾರು ನನ್ನ ಗಾಡಿ ಮುಂದೆ ನಿಂತಿತ್ತು. ಒಳಗಿದ್ದವರನ್ನ ನೋಡಿದೆ. ನೋಡಿದ್ದು ಬಿಟ್ಟು ನಾನೇನೂ ಮಾಡಿಲ್ಲ. ಹೇಳಿದ್ರೆ ಅವರು ಹೊಡೀತಾರೆ, ಹೇಳದಿದ್ರೆ ನೀವು ಹೊಡೀತೀರಿ.'"

ದೃಶ್ಯ ಮುಗಿಯಿತು. ಪರದೆ ಕಪ್ಪಾಯಿತು.

ಒಂದೇ ಮುಖವನ್ನು ಇಬ್ಬರಿಗೆ ಹಚ್ಚಿ ಜಾಗ ಉಳಿಸಿದವರು ಯಾರೂ ಇರಲಿಲ್ಲ. ಇಬ್ಬರೂ ಒಬ್ಬನೇ. ಆಟ ಮಾಡಿದವರು ಒಬ್ಬ ತಿಂಡಿ ಮಾರುವವನನ್ನು ಬಜಾರಿನಲ್ಲಿ ನಿಲ್ಲಿಸಿ, ಅವನ ಕಣ್ಣೆದುರು ಕಾರು ನಿಲ್ಲಿಸಿ, ಆಮೇಲೆ ಎಳೆದು ತಂದು ಕುರ್ಚಿಗೆ ಕಟ್ಟಿದ್ದರು. ಅವನಿಗೊಂದು ಕತೆ ಬರೆದಿದ್ದರು. ತಪ್ಪು ಹುಡುಕಿ ಸಂಬಳ ಪಡೆಯುವ ಸಂಗಮೇಶ ಅದನ್ನು ಅವರ ಜಿಪುಣತನ ಎಂದು ಓದಿ, ನಿಧಾನಕ್ಕಾದರೂ ನಡೆದೀತು ಎಂಬ ದರ್ಜೆಗೆ ಹಾಕಿದ್ದ.

"ಕೇಳಿದೇನ," ಎಂದ ಕೊಟ್ರಪ್ಪ ಹೆಂಡತಿಗೆ. ದನಿಯಲ್ಲಿ ಎಂಥದೋ ಹಗುರ. "ಕದ್ದಿಲ್ಲ. ನೋಡ್ಯಾನ, ಅಷ್ಟ."

"ಆಮ್ಯಾಲೇನ್ ಮಾಡ್ತಾರ್ರಿ ಇವ್ರನ್ನ?" ಎಂದು ಬಸಕ್ಕ ಸಂಗಮೇಶನನ್ನು ಕೇಳಿದಳು. "ಬಿಡ್ತಾರೇನು?"

"ಆಮೇಲೆ ಹೀರೋ ಆ ಕಾರು ಹುಡುಕ್ಕೊಂಡು ಹೋಗ್ತಾನೆ ಅಕ್ಕ."

"ಅದಲ್ರೀ. ಇವ್ರು?"

"ಇವರು ಆಮೇಲೆ ಬರಲ್ಲ."

ಬಸಕ್ಕ ತಲೆಯಾಡಿಸಿದಳು, ತಾನು ಅಂದುಕೊಂಡದ್ದೇ ಎಂಬಂತೆ. "ಎಷ್ಟು ಮಂದಿ ಆಡ್ಯಾರ್ರಿ ಇದನ್ನ?"

"ಸುಮಾರು ಜನ."

"ಸುಮಾರು ಅಂದ್ರ?"

"ಸಾವಿರಗಟ್ಟಲೆ."

"ಅಷ್ಟೂ ಮಂದಿ ಹೊಡದಾರ." ಅವಳು ಅದನ್ನು ಪ್ರಶ್ನೆಯಾಗಿ ಕೇಳಲಿಲ್ಲ. "ಅಳಸಾಕ ಬರಂಗಿಲ್ಲೇನು?"

"ನಾನು ಹಾಕಿದ್ದನ್ನ ಇವತ್ತೇ ಅಳಿಸ್ತೀನಿ ಅಕ್ಕ. ಇಳಿಸ್ಕೊಂಡವರ ಹತ್ರ ಇರೋದನ್ನ..." ಎಂದು ಅರ್ಧಕ್ಕೇ ನಿಲ್ಲಿಸಿದ.

ಕೊಟ್ರಪ್ಪ ಆಗಲೇ ಜೇಬಿನಿಂದ ಫೋನು ತೆಗೆದಿದ್ದ. "ಸಾರ್, ಒಂದು ಉಪಕಾರ ಮಾಡ್ರಿ. ಸಿದ್ರಾಮ ನನ್ನ ಮಾತು ನಂಬಂಗಿಲ್ಲ. ನಿಮ್ಮಂಥೋರು ಹೇಳಿದ್ರ ನಂಬ್ತಾನ. ಅಂವ ನಂಬಿದ್ರ ಊರ ನಂಬತೈತಿ. ಇದು ಆಟ, ನಾನ ಮಾಡಿದ್ದು ಅಂತ ಒಂದ್ ಮಾತು ಹೇಳ್ರಿ, ಸಾಕು."

ಅಷ್ಟೇ ಬೇಕಾಗಿದ್ದದ್ದು. ಸಂಗಮೇಶ ಫೋನು ಕೈಗೆ ತೆಗೆದುಕೊಂಡ. ಕೊಟ್ರಪ್ಪ ಸ್ಪೀಕರ್ ಒತ್ತಿದ್ದ, ಎಲ್ಲರೂ ಕೇಳಲಿ ಎಂದು.

"ನಮಸ್ಕಾರ ಸಿದ್ರಾಮ ಅವರೇ. ನಾನು ಬೆಂಗಳೂರಿಂದ. ನೀವು ನೋಡಿದ ವಿಡಿಯೊ ನಿಜ ಅಲ್ಲ. ಅದು ಕಂಪ್ಯೂಟರ್ ಗೇಮು."

"ನೀವು ಯಾರ್ರಿ? ಪೊಲೀಸ್ರಾ?"

"ಅಲ್ಲ ಅಲ್ಲ. ನಾನು ಇಲ್ಲೇ ಎದುರು ಅಪಾರ್ಟ್‌ಮೆಂಟಲ್ಲಿ ಇರೋದು."

"ಮತ್ತ ನಮ್ಮ ಮಾವನ ಮುಖ ಅದರಾಗ ಹೆಂಗ ಬಂತ್ರಿ?"

"ಅದು ಏನಾಗುತ್ತೆ ಅಂದ್ರೆ," ಎಂದ ಸಂಗಮೇಶ. ಆಫೀಸಿನ ಮೀಟಿಂಗುಗಳಲ್ಲಿ ಕಲಿತ ಭಾಷೆ ತಾನಾಗಿಯೇ ಬಾಯಿಗೆ ಬಂತು. "ಈ ಥರ ಗೇಮಿಗೆ ಹೊರಗಡೆಯಿಂದ ಕೆಲವರು ಚೇಂಜಸ್ ಮಾಡ್ತಾರೆ. ಅದರಲ್ಲಿ ಒಂದು ಫೈಲ್ ಮಿಕ್ಸ್ ಆಗಿದೆ. ಟೆಕ್ನಿಕಲ್ ಇಶ್ಯೂ ಅದು."

"ಯಾರ್ರಿ ಆ ಕೆಲವ್ರು?"

ಕೊಟ್ರಪ್ಪ ಸಂಗಮೇಶನ ಬಾಯನ್ನೇ ನೋಡುತ್ತಿದ್ದ, ಹೇಳುತ್ತಾರೆ, ಈಗ ಹೇಳುತ್ತಾರೆ ಎಂಬ ನಂಬಿಕೆಯಲ್ಲಿ ಅವನ ತುಟಿಯೂ ಸ್ವಲ್ಪ ಅಲ್ಲಾಡುತ್ತಿತ್ತು.

"ಇದಾರೆ," ಎಂದ ಸಂಗಮೇಶ. "ಆನ್‌ಲೈನಲ್ಲಿ."

ಬಸಕ್ಕ ಎದ್ದು ಬಂದು ಅವನ ಕೈಯಿಂದ ಫೋನು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಮಕ್ಕಳ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡಳು. "ತಮ್ಮಾ, ಈಗ ಮಾತಾಡಿದ್ರಲ್ಲ, ಇವ್ರ ಮಾಡಿದ್ದು. ನಮ್ಮ ಗಾಡಿಗೆ ಬರೋ ಸಾಹೇಬ್ರು. ನಾ ಇಲ್ಲೇ ಕುಂತು ನೋಡೀನಿ, ಆಟ ಅದು. ನಿಮ್ಮ ಮಾವ ಕದ್ದಿಲ್ಲ. ಆಟದಾಗೂ ಕದ್ದಿಲ್ಲ. ಊರಾಗ ಹೇಳು."

ಆ ಕಡೆ ಎಲ್ಲೋ ಟ್ರ್ಯಾಕ್ಟರಿನ ಸದ್ದು.

"ಯಾಕ ಮಾಡಿದ್ರಂತ ಕೇಳಕ್ಕಾ."

ಬಸಕ್ಕ ಫೋನನ್ನು ಸಂಗಮೇಶನ ಕಡೆ ಹಿಡಿದಳು. ತಾನು ಕೇಳಲಿಲ್ಲ.

ಇದಕ್ಕೆ ಮೀಟಿಂಗಿನ ಭಾಷೆಯಲ್ಲಿ ಮಾತು ಸಿಗಲಿಲ್ಲ. ಸಂಗಮೇಶ ಹುಡುಕಿದ. ಗೋಡೆಗಳು, ಹಾಸ್ಟೆಲು, ಪೋಲೆಂಡು, ಯಾವುದೂ ಕೊಟ್ಟೂರಿನವರೆಗೆ ಹೋಗುವಂಥದ್ದಲ್ಲ.

"ಚೆನ್ನಾಗಿ ಕಾಣ್ಲಿ ಅಂತ," ಎಂದ ಕೊನೆಗೆ.

"ಹೌದ್ರಿ," ಎಂದ ಸಿದ್ರಾಮ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಭಾಳ ಚಂದ ಕಂಡೈತ್ರಿ ಸಾರ್. ನಾವು ಖರೇನ ಅಂತ ಅತ್ತೀವಿ."

ಅವರು ಹೆಚ್ಚು ಹೊತ್ತು ಕೂರಲಿಲ್ಲ. ನಿವೇದಿತಾ ಊಟಕ್ಕೆ ಇರಿ ಎಂದಳು. ಸಂಜೆಯ ಗಾಡಿಗೆ ಹಿಟ್ಟು ಕಲಸಬೇಕು ಎಂದಳು ಬಸಕ್ಕ. ಕೊಟ್ರಪ್ಪ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, ಸಂಗಮೇಶನಿಗೆ ಸಮಾಧಾನ ಹೇಳುವವನ ಹಾಗೆ, "ಟೆಕ್ನಿಕಲ್ ಅಂದ್ರ ಯಾರ ಕೈಯಾಗ ಐತ್ರಿ ಸಾರ್," ಎಂದ. ಆ ಮಾತು ಲಿಫ್ಟಿನ ಬಾಗಿಲು ಮುಚ್ಚಿದ ಮೇಲೂ ಸಂಗಮೇಶನ ಕಿವಿಯಲ್ಲಿತ್ತು. ಕ್ಷಮಿಸಿ ಎಂದು ತಾನು ಹೇಳಿಯೇ ಇಲ್ಲ ಎನ್ನುವುದು ಆಗ ಹೊಳೆಯಿತು. ಮೆಟ್ಟಿಲು ಇಳಿದು ಓಡಿದ್ದರೆ ಗೇಟಿನ ಹತ್ತಿರ ಸಿಗುತ್ತಿದ್ದರು. ಅವನು ಬಾಲ್ಕನಿಯ ಬಾಗಿಲಿಗೆ ಹೋಗಿ, ಇಬ್ಬರೂ ರಸ್ತೆ ದಾಟುವವರೆಗೆ ಕರ್ಟನಿನ ಮರೆಯಲ್ಲಿ ನಿಂತ.

ಆಮೇಲೆ ಕಂಪ್ಯೂಟರಿನ ಮುಂದೆ ಕೂತ. ವೆಬ್‌ಸೈಟಿನ ತನ್ನ ಪುಟ ತೆರೆದು, ಅಳಿಸು ಎಂಬಲ್ಲಿಗೆ ಬಂದ. ಪುಟ ಅಳಿಸಿದರೆ ಅದರ ಕೆಳಗಿನ ಮಾತುಗಳೆಲ್ಲ ಅಳಿಯುತ್ತವೆ ಎಂಬ ಎಚ್ಚರಿಕೆ ಬಂತು. ಒಂದು ಕ್ಷಣ ನೋಡಿದ. ಬಾಗಿಲ ಕಡೆ ತಿರುಗಿ ನೋಡಿದ. ನಿವೇದಿತಾ ಸಿಂಕಿನಲ್ಲಿ ಲೋಟ ತೊಳೆಯುತ್ತಿದ್ದಳು. ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಸರಿಸುತ್ತ, ಪೋಲೆಂಡಿನವನದು, ಬ್ರೆಜಿಲಿನವನದು, ಹಣೆಯ ಕೆಲಸ ನೋಡಿ ಎಂದವರದು, ಒಂದೂ ಬಿಡದೆ ಪರದೆಯ ಚಿತ್ರ ತೆಗೆದು ಬೇರೊಂದು ಕಡೆ ಇಟ್ಟುಕೊಂಡ. ಅದಾದ ಮೇಲೆ ಅಳಿಸಿದ.

"ತೆಗೆದ್ಯಾ?" ಎಂದಳು ನಿವೇದಿತಾ ಒಳಗಿನಿಂದ.

"ತೆಗೆದೆ."

"ಎಲ್ಲಾನೂ?"

"ಹ್ಞೂಂ," ಎಂದ ಸಂಗಮೇಶ.